ಮೊದಲ ಕೀಮೋಗಿಂತ ಮೊದಲು: ಸಣ್ಣ ಕ್ಲಿನಿಕ್ಕಿನಲ್ಲಿ ಕ್ಯಾನ್ಸರ್ ಟ್ರಯಲ್ ಮಾಹಿತಿಯನ್ನು ಎಐ ಬಳಸಿ ಜೋಡಿಸಿಡುವ ಬಗೆ

ಶಿವಮೊಗ್ಗದಲ್ಲಿ ನಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಕೀಮೋಗೆ ಆರು ಮಂಚಗಳಿವೆ. ಕ್ಯಾನ್ಸರ್ ಡಾಕ್ಟರು ವಾರದಲ್ಲಿ ಎರಡು ದಿನ ಬರುತ್ತಾರೆ, ಮಂಗಳವಾರ ಮತ್ತು ಶುಕ್ರವಾರ. ಉಳಿದ ದಿನ ಮೂವರು ನರ್ಸ್‌ಗಳು, ಒಬ್ಬ ಡ್ಯೂಟಿ ಡಾಕ್ಟರು, ಔಷಧಿ ಕೌಂಟರಿನ ಹುಡುಗ, ಇಷ್ಟೇ ಜನ. ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿರುವ ನನಗೆ ಫೈಲು ಜೋಡಿಸುವ ಕೆಲಸವೂ ಸೇರಿಕೊಂಡಿತು, ಏಕೆಂದರೆ ಅದನ್ನು ಮಾಡಲು ಬೇರೆ ಯಾರೂ ಇರಲಿಲ್ಲ.

ಮೂರು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯಿಂದ ಒಬ್ಬರು ಬಂದರು. ಅಡಿಕೆ ಕೊನೆ ತೆಗೆಯುವ ಕೆಲಸ, ಕೆನ್ನೆಯ ಒಳಗೆ ಗಡ್ಡೆ. ಶುಕ್ರವಾರ ಮೊದಲ ಕೀಮೋ ಹಾಕಿದೆವು. ಸೋಮವಾರ ಡಾಕ್ಟರ ಮೇಜಿನ ಡ್ರಾ ಸ್ವಚ್ಛ ಮಾಡುವಾಗ ಬಾಯಿ ಕ್ಯಾನ್ಸರಿನ ಒಂದು ಟ್ರಯಲ್, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನದ ಬಗ್ಗೆ ಬಂದಿದ್ದ ಹಾಳೆ ಸಿಕ್ಕಿತು. ಓದುತ್ತಾ ಹೋದಂತೆ ಎಲ್ಲವೂ ಅವರಿಗೇ ಬರೆದ ಹಾಗಿತ್ತು. ಒಂದು ಷರತ್ತನ್ನು ಬಿಟ್ಟು: ಈ ಕಾಯಿಲೆಗೆ ಮೊದಲು ಕೀಮೋ ಆಗಿರಬಾರದು. ಮೂರು ದಿನದ ಹಿಂದೆ ನಾನೇ ನನ್ನ ಕೈಯಾರೆ ಡ್ರಿಪ್ ಏರಿಸಿದ್ದೆ.

ಆ ಟ್ರಯಲ್‌ಗೆ ಸೇರಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ಆದರೆ ಕೇಳುವ ಹಕ್ಕು ಅವರಿಗಿತ್ತು, ನಾವು ಹೇಳಲಿಲ್ಲ. ಮಾಹಿತಿ ಇತ್ತು, ಇರಬೇಕಾದ ದಿನ ಕೈಗೆ ಸಿಗುವಂತೆ ಇರಲಿಲ್ಲ. ಈಗ ಎರಡು ವರ್ಷದಿಂದ ಎಐ ಟೂಲ್‌ಗಳ ಸಹಾಯದಿಂದ ಈ ಮಾಹಿತಿಯನ್ನು ಜೋಡಿಸಿಟ್ಟುಕೊಳ್ಳುತ್ತಿದ್ದೇನೆ. ನಮ್ಮಂಥ ಕ್ಲಿನಿಕ್ಕುಗಳಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ಹೇಗೆ ಮಾಡುತ್ತೇನೆ, ಎಲ್ಲಿ ಎಡವಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆ

ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ, ಇದಕ್ಕೆ ಎಐ ಬೇಕಾಗಿಲ್ಲ. ಪ್ರತಿ ಹೊಸ ರೋಗಿಗೂ ಒಂದೇ ಒಂದು ಹಾಳೆ ತುಂಬುತ್ತೇವೆ, ಮೊದಲ ಕೀಮೋಗಿಂತ ಮೊದಲು. ಕ್ಯಾನ್ಸರ್ ಯಾವ ಭಾಗದ್ದು, ಬಯಾಪ್ಸಿ ರಿಪೋರ್ಟಿನಲ್ಲಿ ಏನು ಬರೆದಿದೆ, ಯಾವ ಸ್ಟೇಜು, ಹಿಂದೆ ಯಾವ ಚಿಕಿತ್ಸೆ ಯಾವ ತಾರೀಕಿನಂದು ಆಯಿತು. ಸ್ತನ ಕ್ಯಾನ್ಸರಾದರೆ ಇಆರ್, ಪಿಆರ್, ಹರ್2, ಅಂದರೆ ಯಾವ ಔಷಧಿ ಹಿಡಿಯುತ್ತದೆ ಎಂದು ತಿಳಿಯಲು ಗಡ್ಡೆಯ ಚೂರಿನಲ್ಲಿ ಮಾಡುವ ಪರೀಕ್ಷೆಗಳ ಫಲಿತಾಂಶ. ಸಕ್ಕರೆ ಕಾಯಿಲೆ, ಬಿಪಿ, ಟಿಬಿ, ಹೆಪಟೈಟಿಸ್ ಬಿ, ಎಚ್‌ಐವಿ ಇವೆಯೇ. ರಕ್ತದ ರಿಪೋರ್ಟು ಮತ್ತು ಅದರ ತಾರೀಕು.

ಇಕಾಗ್ ಅಂಕ ಬರೆಯುವುದನ್ನು ಮರೆಯಬೇಡಿ. ರೋಗಿ ಎಷ್ಟು ಓಡಾಡುತ್ತಾರೆ ಎಂಬುದಕ್ಕೆ 0ಯಿಂದ 5ರವರೆಗಿನ ಅಳತೆ ಅದು. ಎಲ್ಲ ಕೆಲಸ ಮೊದಲಿನಂತೆ ಮಾಡುವವರು 0, ಭಾರದ ಕೆಲಸ ಆಗದಿದ್ದರೂ ಓಡಾಡಿಕೊಂಡು ಹಗುರ ಕೆಲಸ ಮಾಡುವವರು 1, ತಮ್ಮ ಕೆಲಸ ತಾವು ಮಾಡಿಕೊಂಡು ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಎದ್ದಿರುವವರು 2. ಬಹಳಷ್ಟು ಟ್ರಯಲ್‌ಗಳು 0 ಅಥವಾ 1 ಇದ್ದವರನ್ನೇ ಕೇಳುತ್ತವೆ. ನಮ್ಮ ಕಡೆಯ ಹೆಂಗಸರನ್ನು "ಹೇಗಿದ್ದೀರಿ ಅಮ್ಮ" ಎಂದರೆ "ಆರಾಮ" ಎನ್ನುತ್ತಾರೆ. ಹಾಗಾಗಿ ನಾನು "ನಿನ್ನೆ ಅಡುಗೆ ಯಾರು ಮಾಡಿದ್ದು? ನೀರು ಯಾರು ತಂದಿದ್ದು?" ಎಂದು ಕೇಳುತ್ತೇನೆ.

ಹಾಳೆಯ ಕೊನೆಯಲ್ಲಿ ಎರಡು ಸಾಲು ನಾನೇ ಸೇರಿಸಿದ್ದು. ಒಂದು, ಬಯಾಪ್ಸಿ ಬ್ಲಾಕ್ ಎಲ್ಲಿದೆ. ಮೇಣದಲ್ಲಿ ಹುದುಗಿಸಿದ ಆ ಚೂರು ಲ್ಯಾಬಿನಲ್ಲೇ ಉಳಿದಿರುತ್ತದೆ, ರೋಗಿಗೆ ಗೊತ್ತೇ ಇರುವುದಿಲ್ಲ. ಎಷ್ಟೋ ಟ್ರಯಲ್‌ಗಳು ಬ್ಲಾಕ್ ಕೇಳುತ್ತವೆ. ಎರಡು, ಪ್ರಯಾಣ. ಬೆಂಗಳೂರಿಗೆ ಮೂರು ವಾರಕ್ಕೊಮ್ಮೆ ಹೋಗಲು ಆಗುತ್ತದೆಯೇ? ಜೊತೆಗೆ ಯಾರು ಬರುತ್ತಾರೆ? ಘಾಟಿ ಇಳಿದು ಮಣಿಪಾಲಕ್ಕಾದರೆ? ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ವಾಹನ ನಿರ್ಬಂಧ ಹಾಕಿದರೆ ಸುತ್ತಿಕೊಂಡು ಹೋಗಬೇಕಾಗುತ್ತದೆ. ಟ್ರಯಲ್‌ನ ದಾಖಲೆಯಲ್ಲಿ ಈ ಷರತ್ತು ಎಲ್ಲೂ ಬರೆದಿರುವುದಿಲ್ಲ, ಆದರೆ ರೋಗಿ ಅರ್ಧಕ್ಕೆ ಬಿಡುವುದು ಹೆಚ್ಚಾಗಿ ಇದರಿಂದಲೇ.

ಟ್ರಯಲ್‌ಗಳನ್ನು ಎಲ್ಲಿಂದ ತರುವುದು

ಎಐ ಟೂಲ್‌ಗೆ ನೇರವಾಗಿ "ಕರ್ನಾಟಕದಲ್ಲಿ ಬಾಯಿ ಕ್ಯಾನ್ಸರಿಗೆ ಯಾವ ಟ್ರಯಲ್ ಇದೆ" ಎಂದು ಕೇಳಬೇಡಿ. ನಾನು ಮೊದಲ ವಾರ ಕೇಳಿದೆ. ನೋಂದಣಿ ಸಂಖ್ಯೆ ಸಮೇತ ಮೂರು ಹೆಸರು ಕೊಟ್ಟಿತು. ಒಂದು ಸಂಖ್ಯೆಯನ್ನು ತೆಗೆದು ನೋಡಿದರೆ ಅದು ಮೊಣಕಾಲು ನೋವಿನ ಅಧ್ಯಯನ. ಟ್ರಯಲ್‌ಗಳನ್ನು ನೀವೇ ಮೂಲದಿಂದ ತರಬೇಕು, ಟೂಲ್ ಅವನ್ನು ಜೋಡಿಸಿ ಕೊಡಬೇಕು. ಈ ಕ್ರಮ ತಪ್ಪಿಸಬೇಡಿ.

ನಮ್ಮ ದೇಶದ ಮೂಲವೆಂದರೆ ಸಿಟಿಆರ್‌ಐ, ಅಂದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದನ್ನು 2007ರ ಜುಲೈನಲ್ಲಿ ಆರಂಭಿಸಿತು. 2009ರ ಜೂನ್ 15ರಿಂದ ಔಷಧ ಟ್ರಯಲ್‌ಗಳು ಇದರಲ್ಲಿ ನೋಂದಣಿಯಾಗುವುದು ಕಡ್ಡಾಯವಾಯಿತು. 2018ರ ಏಪ್ರಿಲ್‌ನಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಣಿ ಆಗಬೇಕು ಎಂಬ ನಿಯಮ ಬಂತು. ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಕೂಡ ನೋಡಿ, ಆದರೆ ದೇಶದ ಜಾಗದಲ್ಲಿ ಭಾರತ ಎಂದು ಹಾಕಿ ಸೋಸಿಕೊಳ್ಳಿ.

ಹುಡುಕುವಾಗ ಒಂದೇ ಪದಕ್ಕೆ ಅಂಟಿಕೊಂಡರೆ ಅರ್ಧ ತಪ್ಪಿಹೋಗುತ್ತದೆ. ನಾವು ಬಾಯಿ ಕ್ಯಾನ್ಸರ್ ಎನ್ನುವುದನ್ನು ಒಬ್ಬರು ಓರಲ್ ಕ್ಯಾವಿಟಿ ಎಂದು ಬರೆದಿರುತ್ತಾರೆ, ಇನ್ನೊಬ್ಬರು ಬಕಲ್ ಮ್ಯುಕೋಸಾ ಎಂದು, ಮತ್ತೊಬ್ಬರು ಹೆಡ್ ಅಂಡ್ ನೆಕ್ ಸ್ಕ್ವಾಮಸ್ ಎಂದು. ಎಐ ಟೂಲ್‌ನ ಮೊದಲ ಒಳ್ಳೆಯ ಉಪಯೋಗ ಇಲ್ಲೇ ಇದೆ. "ಈ ಕ್ಯಾನ್ಸರನ್ನು ಟ್ರಯಲ್ ದಾಖಲೆಗಳಲ್ಲಿ ಬೇರೆ ಯಾವ ಯಾವ ಪದಗಳಿಂದ ಬರೆಯುತ್ತಾರೆ" ಎಂದು ಕೇಳಿ, ಬಂದ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಆಮೇಲೆ ಆ ಪದಗಳನ್ನು ಒಂದೊಂದಾಗಿ ನೀವೇ ಸಿಟಿಆರ್‌ಐನಲ್ಲಿ ಹಾಕಿ ಹುಡುಕಿ.

ಸಿಕ್ಕಿದ ದಾಖಲೆಯಲ್ಲಿ ಮೊದಲು ನೋಡಬೇಕಾದ್ದು ನಾಲ್ಕು: ಭಾರತದಲ್ಲಿ ರೋಗಿಗಳನ್ನು ಸೇರಿಸಿಕೊಳ್ಳುವುದು ಈಗ ತೆರೆದಿದೆಯೇ, ಯಾವ ಯಾವ ಊರಿನ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಆಗಿದೆಯೇ, ದಾಖಲೆಯನ್ನು ಕೊನೆಯದಾಗಿ ತಿದ್ದಿದ್ದು ಯಾವಾಗ. ಇಷ್ಟು ಸರಿಯಿದ್ದರೆ ಪಿಡಿಎಫ್ ಇಳಿಸಿಕೊಂಡು, ಫೈಲಿನ ಹೆಸರಿನಲ್ಲೇ ನೋಂದಣಿ ಸಂಖ್ಯೆ ಮತ್ತು ಇಳಿಸಿದ ದಿನ ಬರೆಯುತ್ತೇನೆ. ನಮ್ಮಲ್ಲಿ ಹೆಚ್ಚು ಬರುವುದು ಬಾಯಿ, ಸ್ತನ, ಗರ್ಭಕೊರಳು, ಹೊಟ್ಟೆ, ಶ್ವಾಸಕೋಶ. ಐದು ಫೋಲ್ಡರ್, ಅಷ್ಟೇ. ಎಲ್ಲ ಕ್ಯಾನ್ಸರಿಗೂ ಮಾಡಲು ಹೋದರೆ ಯಾವುದಕ್ಕೂ ಆಗುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ನಮ್ಮ ಮ್ಯಾನೇಜರ್ ಕೇಳಿದ್ದರು. ಅವರಿಗೆ ನಾನು ಹೇಳಿದ್ದು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಒಂದು ಟ್ರಯಲ್ ಬಗ್ಗೆ. ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರಿನ 151 ಜನರಲ್ಲಿ, ಕಡಿಮೆ ಖರ್ಚಿನ ಮೂರು ಮಾತ್ರೆಗಳ ಚಿಕಿತ್ಸೆಯ ಜೊತೆ ನಿವೊಲುಮಾಬ್ ಇಂಜೆಕ್ಷನ್ನನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಸಾಮಾನ್ಯವಾಗಿ ಕೊಡುವುದು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದ್ದವರು ಶೇ. 16.3. ಇಂಜೆಕ್ಷನ್ ಸೇರಿದವರಲ್ಲಿ ಶೇ. 43.4. ಅಡಿಕೆ, ತಂಬಾಕು, ಗುಟ್ಕಾದ ನಾಡಿನಲ್ಲಿರುವ ನಮಗೆ ಇಂಥ ಟ್ರಯಲ್ ಬೇರೆ ಯಾರದೋ ವಿಷಯ ಅಲ್ಲ. ಮ್ಯಾನೇಜರ್ ಆಮೇಲೆ ಸ್ಕ್ಯಾನರ್ ಕೊಡಿಸಿದರು.

ಹೆಸರು ಮುಚ್ಚದೆ ಏನನ್ನೂ ಕಳಿಸಬೇಡಿ

ರೋಗಿಯ ಫೈಲನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಹಾಗೇ ಎಐಗೆ ಹಾಕುವುದು ಸುಲಭ. ಮಾಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಆರೋಗ್ಯ ಕ್ಷೇತ್ರದಲ್ಲಿ ಎಐ ಬಳಸುವ ಬಗ್ಗೆ ಐಸಿಎಂಆರ್ 2023ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕಾಯ್ದೆ ಇಲ್ಲದಿದ್ದರೂ ನಾನು ಹೀಗೇ ಮಾಡುತ್ತಿದ್ದೆ. ನಮ್ಮೂರಿನಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಮಗಳ ಮದುವೆ ಮಾತುಕತೆಯೂ ನಿಂತುಹೋಗುವುದನ್ನು ಕಣ್ಣಾರೆ ನೋಡಿದ್ದೇನೆ.

ನಾನು ಎಐಗೆ ಕೊಡುವುದು ಮೇಲೆ ಹೇಳಿದ ಒಂದು ಹಾಳೆಯನ್ನು ಮಾತ್ರ, ಅದೂ ಟೈಪ್ ಮಾಡಿ. ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ. ಸಂಖ್ಯೆಗೂ ಹೆಸರಿಗೂ ಸಂಬಂಧ ಕಲ್ಪಿಸುವ ರಿಜಿಸ್ಟರ್ ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ, ಕಂಪ್ಯೂಟರಿನಲ್ಲಿ ಇರುವುದಿಲ್ಲ. ಊರಿನ ಹೆಸರೂ ಬೇಡ. ಸಣ್ಣ ಹಳ್ಳಿಯ ಹೆಸರು, ವಯಸ್ಸು, ಕಾಯಿಲೆ ಮೂರೂ ಸೇರಿದರೆ ಆ ವ್ಯಕ್ತಿ ಯಾರೆಂದು ಯಾರು ಬೇಕಾದರೂ ಗುರುತಿಸಬಹುದು. ಸ್ಕ್ಯಾನ್ ಮಾಡಿದ ರಿಪೋರ್ಟನ್ನೇ ಕೊಡಬೇಕಾಗಿ ಬಂದರೆ ಹೆಸರು, ಫೋನ್, ಆಧಾರ್, ಆಸ್ಪತ್ರೆ ನಂಬರಿನ ಮೇಲೆ ದಪ್ಪ ಕಾಗದದ ಪಟ್ಟಿ ಇಟ್ಟು ಆಮೇಲೆ ಸ್ಕ್ಯಾನ್ ಮಾಡುತ್ತೇವೆ. ಬಾರ್‌ಕೋಡ್ ಮತ್ತು ಕ್ಯೂಆರ್ ಕೋಡ್ ಮುಚ್ಚುವುದನ್ನು ಬಹಳ ಜನ ಮರೆಯುತ್ತಾರೆ. ಸಿಟಿ ಸ್ಕ್ಯಾನಿನ ಸಿಡಿಯನ್ನಂತೂ ಹಾಕಲೇಬೇಡಿ, ಚಿತ್ರದ ಫೈಲಿನ ಒಳಗೇ ಹೆಸರು ಅಡಗಿರುತ್ತದೆ.

ಟೂಲ್ ಆರಿಸುವಾಗ, ನೀವು ಕೊಟ್ಟ ದಾಖಲೆಗಳಿಂದ ಮಾತ್ರ ಉತ್ತರ ಕೊಟ್ಟು, ಯಾವ ಪುಟದ ಯಾವ ವಾಕ್ಯದಿಂದ ತಂದದ್ದು ಎಂದು ತೋರಿಸುವಂಥದ್ದನ್ನು ಆರಿಸಿ. ನಾವು ಕೊಟ್ಟಿದ್ದನ್ನು ತರಬೇತಿಗೆ ಬಳಸಬಾರದು ಎಂಬ ಸೆಟ್ಟಿಂಗ್ ಇದ್ದರೆ ಮೊದಲು ಅದನ್ನು ಹಾಕಿ. ಕ್ಲಿನಿಕ್ಕಿನ ಡಾಕ್ಟರ ಲಿಖಿತ ಒಪ್ಪಿಗೆ ಪಡೆಯಿರಿ. ರೋಗಿಗೆ ಕನ್ನಡದಲ್ಲಿ ವಿವರಿಸಿ ಸಹಿ ಹಾಕಿಸಿಕೊಳ್ಳಿ. ನಮ್ಮಲ್ಲಿ ಬೇಡ ಎಂದವರು ಇಬ್ಬರಿದ್ದಾರೆ, ಅವರ ಹಾಳೆಯನ್ನು ನಾನು ಕೈಯಲ್ಲೇ ಹೊಂದಿಸಿ ನೋಡುತ್ತೇನೆ.

ಏನೆಂದು ಕೇಳಬೇಕು

ಕೆಲಸ ಎರಡು ಹಂತದ್ದು. ಮೊದಲ ಹಂತದಲ್ಲಿ ರೋಗಿಯ ವಿಷಯವೇ ಬರುವುದಿಲ್ಲ, ಟ್ರಯಲ್ ದಾಖಲೆಯನ್ನು ಬಿಡಿಸಿ ಇಡುವುದಷ್ಟೇ. ದಾಖಲೆಗಳು ಇಂಗ್ಲಿಷಿನಲ್ಲಿರುವುದರಿಂದ ನಾನು ಇಂಗ್ಲಿಷಿನಲ್ಲೇ ಬರೆಯುತ್ತೇನೆ, ಅದರ ಒಕ್ಕಣೆ ಹೀಗಿದೆ:

"ಈ ದಾಖಲೆಯಲ್ಲಿ ಇರುವುದನ್ನು ಮಾತ್ರ ಬಳಸು. ಸೇರಿಸಿಕೊಳ್ಳುವ ಷರತ್ತುಗಳನ್ನೂ ಹೊರಗಿಡುವ ಷರತ್ತುಗಳನ್ನೂ ಬೇರೆ ಬೇರೆಯಾಗಿ ಬರೆ. ಒಂದು ಸಾಲಿಗೆ ಒಂದೇ ಷರತ್ತು. ಪ್ರತಿಯೊಂದರ ಪಕ್ಕದಲ್ಲಿ ಮೂಲ ವಾಕ್ಯವನ್ನು ಇದ್ದ ಹಾಗೇ ನಕಲು ಮಾಡು. ಅಂಕಿಗಳ ಅಳತೆಯನ್ನು ಬದಲಿಸಬೇಡ. ಇಲ್ಲದ್ದನ್ನು ಊಹಿಸಬೇಡ, 'ದಾಖಲೆಯಲ್ಲಿಲ್ಲ' ಎಂದು ಬರೆ."

ಬಂದದ್ದನ್ನು ಎಕ್ಸೆಲ್ ಶೀಟಿಗೆ ಹಾಕಿ, ಮೂಲ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಒಂದು ಸಲ ಸಾಲು ಸಾಲಾಗಿ ಓದಿ. ಒಂದು ಟ್ರಯಲ್‌ಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಒಮ್ಮೆ ಸರಿಮಾಡಿಟ್ಟರೆ ಆ ಟ್ರಯಲ್ ತೆರೆದಿರುವ ತನಕ ಎಷ್ಟು ರೋಗಿಗಳಿಗೆ ಬೇಕಾದರೂ ಉಪಯೋಗವಾಗುತ್ತದೆ.

ಎರಡನೇ ಹಂತದಲ್ಲಿ ಆ ಷರತ್ತುಗಳ ಪಟ್ಟಿಯನ್ನೂ ರೋಗಿಯ ಹಾಳೆಯನ್ನೂ ಒಟ್ಟಿಗೆ ಕೊಡುತ್ತೇನೆ. ಶುರುವಿನಲ್ಲಿ ಪ್ರತಿ ಷರತ್ತಿಗೂ "ಹೊಂದುತ್ತದೆ" ಅಥವಾ "ಹೊಂದುವುದಿಲ್ಲ" ಎಂದು ಬರೆಯಲು ಹೇಳಿದ್ದೆ. ಇಲ್ಲೇ ಎಡವಿದ್ದು. ಹೊರಗಿಡುವ ಷರತ್ತಿನಲ್ಲಿ ಹೆಪಟೈಟಿಸ್ ಬಿ ಇತ್ತು, ರೋಗಿಗೂ ಆ ಸೋಂಕು ಇತ್ತು. ಟೂಲ್ "ಹೊಂದುತ್ತದೆ" ಎಂದಿತು. ಹೊರಗಿಡುವ ಷರತ್ತಿಗೆ ಹೊಂದುತ್ತದೆ ಎಂದು ಅದರ ಅರ್ಥ, ಟ್ರಯಲ್‌ಗೆ ಹೊಂದುತ್ತಾರೆ ಎಂದು ನಾನು ಓದಿಕೊಂಡೆ. ಡಾಕ್ಟರು ನೋಡಿ ನಿಲ್ಲಿಸಿದರು. ಅವತ್ತಿನಿಂದ ಮೂರು ಉತ್ತರ ಮಾತ್ರ: "ಅಡ್ಡಿಯಿಲ್ಲ", "ಅಡ್ಡಿಯಿದೆ", "ದಾಖಲೆಯಲ್ಲಿಲ್ಲ". ಜೊತೆಗೆ ಎರಡೂ ಕಡೆಯ ಮೂಲ ವಾಕ್ಯ. ಕೊನೆಯಲ್ಲಿ ಒಂದು ಸಾಲು ತಪ್ಪದೆ ಸೇರಿಸುತ್ತೇನೆ: "ಒಟ್ಟಾರೆಯಾಗಿ ಈ ರೋಗಿ ಅರ್ಹರೋ ಅಲ್ಲವೋ ಎಂದು ಹೇಳಬೇಡ." ಅದನ್ನು ತೀರ್ಮಾನಿಸುವುದು ಟ್ರಯಲ್ ನಡೆಸುವ ಡಾಕ್ಟರು. ನಮ್ಮ ಡಾಕ್ಟರೂ ಅಲ್ಲ, ನಾನಂತೂ ಅಲ್ಲ.

ಮೂರರಲ್ಲಿ ಹೆಚ್ಚು ಬೆಲೆಯುಳ್ಳದ್ದು "ದಾಖಲೆಯಲ್ಲಿಲ್ಲ". ಶಿಕಾರಿಪುರ ಕಡೆಯ ಒಬ್ಬ ಅಮ್ಮನವರ ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ಹರ್2 ಎದುರು 2+ ಎಂದಿತ್ತು. 3+ ಆದರೆ ಪಾಸಿಟಿವ್, 0 ಅಥವಾ 1+ ಆದರೆ ನೆಗೆಟಿವ್, 2+ ಆದರೆ ಏನೂ ಹೇಳಲಾಗದು, ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಲೇಬೇಕು. ಬೇರೆ ಕಡೆ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು, ಮಧ್ಯದಲ್ಲಿ ಆ ಪರೀಕ್ಷೆ ಬಿಟ್ಟುಹೋಗಿತ್ತು. ಟ್ರಯಲ್ ಹುಡುಕುವಾಗ "ಫಿಶ್ ಫಲಿತಾಂಶ ದಾಖಲೆಯಲ್ಲಿಲ್ಲ" ಎಂಬ ಸಾಲು ಬಂತು. ಬ್ಲಾಕ್ ತರಿಸಿ ಕಳಿಸಿದೆವು, ಪಾಸಿಟಿವ್ ಬಂತು. ಅವರು ಯಾವ ಟ್ರಯಲ್‌ಗೂ ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ. ಹರ್2 ಪಾಸಿಟಿವ್ ಇದ್ದವರಿಗೆ ಕೊಡುವ ಟ್ರಾಸ್ಟುಜುಮಾಬ್ ಎಂಬ ಔಷಧಿ, ಅವರಿಗೆ ಸಿಗಬೇಕಾಗಿದ್ದದ್ದು, ನಮ್ಮಲ್ಲೇ ಶುರುವಾಯಿತು.

ಅಂಕಿ ಮತ್ತು ತಾರೀಕು: ಇಲ್ಲಿ ಟೂಲನ್ನು ನಂಬಬೇಡಿ

ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನವರು ರೋಗಿಗಳನ್ನು ಟ್ರಯಲ್‌ಗಳಿಗೆ ಹೊಂದಿಸಲೆಂದೇ ಟ್ರಯಲ್‌ಜಿಪಿಟಿ ಎಂಬ ವ್ಯವಸ್ಥೆ ಮಾಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೊಂದು ಷರತ್ತಿನ ಮಟ್ಟದಲ್ಲಿ ಅದರ ಉತ್ತರ ಶೇ. 87.3ರಷ್ಟು ಸರಿಯಿತ್ತು, ರೋಗಿಗಳನ್ನು ಸೋಸುವ ಸಮಯದಲ್ಲಿ ಶೇ. 42.6 ಉಳಿಯಿತು. ಸಮಯ ಉಳಿಯುವುದು ನಿಜ, ನನ್ನ ಅನುಭವವೂ ಅದೇ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಟ್ರಯಲ್‌ನಲ್ಲಿ 30 ಷರತ್ತುಗಳಿದ್ದರೆ ಆ ಪ್ರಮಾಣದಲ್ಲಿ ಸುಮಾರು ನಾಲ್ಕು ತಪ್ಪು. ಪರಿಣತರು ಇದಕ್ಕೆಂದೇ ಕಟ್ಟಿದ ವ್ಯವಸ್ಥೆಯ ಕಥೆಯೇ ಇದು. ನಾವು ಬಳಸುವುದು ಎಲ್ಲರಿಗೂ ಸಿಗುವ ಸಾಮಾನ್ಯ ಟೂಲ್.

ನಮ್ಮ ಕಡೆಯ ಫೈಲುಗಳಲ್ಲಿ ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಈಗ ನನಗೆ ಗೊತ್ತು. ನಮ್ಮ ಲ್ಯಾಬು ಪ್ಲೇಟ್‌ಲೆಟ್ಟನ್ನು "1.85 ಲಕ್ಷ" ಎಂದು ಅಚ್ಚು ಹಾಕುತ್ತದೆ. ಟ್ರಯಲ್‌ನಲ್ಲಿ "ಲೀಟರಿಗೆ 100 ಗುಣಿಸು ಹತ್ತರ ಒಂಬತ್ತನೇ ಘಾತ" ಎಂದಿರುತ್ತದೆ. ಅದು ನಮ್ಮ ಒಂದು ಲಕ್ಷವೇ. ಟೂಲ್ ಒಮ್ಮೆ 1.85 ಎಂಬುದು 100ಕ್ಕಿಂತ ಕಡಿಮೆ ಎಂದು "ಅಡ್ಡಿಯಿದೆ" ಬರೆಯಿತು. ಈಗ ಹಾಳೆಯಲ್ಲಿ 1,85,000 ಎಂದು ಪೂರ್ತಿ ಬರೆದು, ಅಳತೆಯನ್ನೂ ಬರೆಯುತ್ತೇವೆ.

ತಾರೀಕು ಇನ್ನೂ ಅಪಾಯ. 04/05 ಎಂದರೆ ನಮಗೆ ಮೇ ನಾಲ್ಕು, ಟೂಲ್‌ಗೆ ಕೆಲವೊಮ್ಮೆ ಏಪ್ರಿಲ್ ಐದು. ಕೊನೆಯ ಕೀಮೋ ಆಗಿ 28 ದಿನ ಕಳೆದಿರಬೇಕು ಎಂಬ ಷರತ್ತಿದ್ದಾಗ ಈ ಒಂದು ತಿಂಗಳ ವ್ಯತ್ಯಾಸ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ.

ಲೆಕ್ಕವನ್ನು ಟೂಲ್‌ಗೆ ಬಿಡಬೇಡಿ, ಎಕ್ಸೆಲ್ಲಿಗೆ ಬಿಡಿ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಅದಕ್ಕೇ ಅದು ಇರುವ ಟ್ರಯಲ್‌ಗಳಲ್ಲಿ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂಬುದರ ಅಳತೆಯಾದ ಕ್ರಿಯಾಟಿನಿನ್ ಕ್ಲಿಯರೆನ್ಸ್ ಇಷ್ಟಿರಬೇಕು ಎಂದಿರುತ್ತದೆ. ಹೆಚ್ಚಾಗಿ ಬಳಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹೀಗೆ: 140ರಿಂದ ವಯಸ್ಸನ್ನು ಕಳೆದು, ಕಿಲೋದಲ್ಲಿ ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿದ ಮೊತ್ತದಿಂದ ಭಾಗಿಸಬೇಕು. ಹೆಂಗಸರಿಗೆ ಬಂದದ್ದನ್ನು 0.85ರಿಂದ ಗುಣಿಸಬೇಕು. 62 ವರ್ಷದ, 45 ಕಿಲೋ ತೂಕದ ಒಬ್ಬ ಅಮ್ಮನವರ ಕ್ರಿಯಾಟಿನಿನ್ 0.9. ನೋಡಿದರೆ ಸರಿಯಾಗಿಯೇ ಇದೆ ಅನಿಸುತ್ತದೆ. ಲೆಕ್ಕ ಹಾಕಿದರೆ 54, ಹೆಂಗಸಿನ ಲೆಕ್ಕಕ್ಕೆ ಇಳಿಸಿದರೆ 46. ಟ್ರಯಲ್ ಕೇಳಿದ್ದು 50. ಟೂಲ್ ಆ 0.85 ಬಿಟ್ಟು 54 ಎಂದು ಬರೆದು "ಅಡ್ಡಿಯಿಲ್ಲ" ಎಂದಿತ್ತು. ಆ ಮೂತ್ರಪಿಂಡಕ್ಕೆ ಸಿಸ್‌ಪ್ಲಾಟಿನ್ ಏರಿಸುವುದೆಂದರೆ ಏನು ಎಂದು ಮಂಚದ ಪಕ್ಕ ನಿಂತವರಿಗೆ ಗೊತ್ತು. ಸೂತ್ರವನ್ನು ಎಕ್ಸೆಲ್ಲಿನಲ್ಲಿ ಒಮ್ಮೆ ಹಾಕಿ, ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ, ಆ ಕಾಲಮ್ಮನ್ನು ಬೀಗ ಹಾಕಿಟ್ಟಿದ್ದೇನೆ.

ಕನ್ನಡಕ್ಕೆ ತರುವಾಗ

ರೋಗಿಯ ಮನೆಯವರಿಗೆ ಕೊಡಲು ಅರ್ಧ ಪುಟದ ಕನ್ನಡ ವಿವರಣೆ ಮಾಡುತ್ತೇನೆ. ಟೂಲ್‌ನ ಕನ್ನಡ ಓದಲು ಸಲೀಸಾಗಿ ಕಾಣುತ್ತದೆ, ಅದರಿಂದಲೇ ಹೆಚ್ಚು ಎಚ್ಚರ ಬೇಕು. ಟ್ರಯಲ್‌ನಲ್ಲಿ ರೋಗಿಗಳ ಎರಡು ಗುಂಪುಗಳನ್ನು ಎರಡು ಆರ್ಮ್ ಎನ್ನುತ್ತಾರೆ. ಟೂಲ್ "ಎರಡು ತೋಳುಗಳು" ಎಂದು ಬರೆಯಿತು. ಓದಿದವರೊಬ್ಬರು ಎರಡೂ ತೋಳಿಗೆ ಸೂಜಿ ಚುಚ್ಚುತ್ತಾರೆ ಎಂದುಕೊಂಡಿದ್ದರು.

ಅದಕ್ಕಿಂತ ಕೆಟ್ಟದ್ದು "ಪ್ರಗತಿ". ಕಾಯಿಲೆ ಹೆಚ್ಚಾಗುವುದನ್ನು ಇಂಗ್ಲಿಷಿನಲ್ಲಿ ಪ್ರೊಗ್ರೆಶನ್ ಎನ್ನುತ್ತಾರೆ, ಟೂಲ್ ಅದನ್ನು "ರೋಗದ ಪ್ರಗತಿ" ಎಂದು ಬರೆಯುತ್ತದೆ. "ಪ್ರಗತಿ ಕಂಡುಬಂದರೆ ಔಷಧಿ ನಿಲ್ಲಿಸಲಾಗುವುದು" ಎಂಬ ಸಾಲು ಓದಿ ಒಬ್ಬರ ಮಗ ಕೇಳಿದ: "ಸಿಸ್ಟರ್, ಅಪ್ಪಂಗೆ ಹುಷಾರಾಗ್ತಾ ಇರೋವಾಗ ಔಷಧಿ ಯಾಕೆ ನಿಲ್ಲಿಸ್ತಾರೆ?" ನನಗೆ ಮೈ ಜುಮ್ಮೆಂದಿತು. ಹಾಗೆಯೇ "ಪಾಸಿಟಿವ್" ಎಂದರೆ ನಮ್ಮ ಜನಕ್ಕೆ ಒಳ್ಳೆಯದು ಎಂದು ಕೇಳಿಸುತ್ತದೆ. ಈಗ ನನ್ನದೇ ಒಂದು ಪದಪಟ್ಟಿ ಇದೆ, ಪ್ರತಿ ಸಲ ಟೂಲ್‌ಗೆ ಅದನ್ನು ಮೊದಲು ಕೊಡುತ್ತೇನೆ: ಆರ್ಮ್ ಎಂದರೆ ಗುಂಪು, ಪ್ರೊಗ್ರೆಶನ್ ಎಂದರೆ ಕಾಯಿಲೆ ಹೆಚ್ಚಾಗುವುದು, ಸ್ಟ್ಯಾಂಡರ್ಡ್ ಆಫ್ ಕೇರ್ ಎಂದರೆ ಈಗ ಎಲ್ಲರಿಗೂ ಕೊಡುವ ಚಿಕಿತ್ಸೆ. ರ್‍ಯಾಂಡಮೈಸೇಶನ್‌ಗೆ "ಚೀಟಿ ಎತ್ತಿದ ಹಾಗೆ ಯಾವ ಗುಂಪು ಎಂದು ಕಂಪ್ಯೂಟರ್ ಆರಿಸುತ್ತದೆ, ಡಾಕ್ಟರೂ ಆರಿಸುವ ಹಾಗಿಲ್ಲ" ಎಂದು ಬರೆಯುತ್ತೇನೆ.

"ನಮ್ಮ ಮೇಲೆ ಪ್ರಯೋಗ ಮಾಡ್ತೀರಾ?" ಎಂದು ಕೇಳದವರಿಲ್ಲ. ಕೇಳುವುದು ಸರಿಯೇ. ಮರೆಮಾಚದೆ ಹೇಳುತ್ತೇನೆ: ಹೌದು, ಹೊಸದು ಹಳೆಯದಕ್ಕಿಂತ ಒಳ್ಳೆಯದೇ ಎಂದು ಇನ್ನೂ ಗೊತ್ತಿಲ್ಲ, ಅದಕ್ಕೇ ಟ್ರಯಲ್. ನೀವು ಬೇಡ ಎಂದರೆ ಇಲ್ಲಿನ ಚಿಕಿತ್ಸೆ ಹೀಗೇ ನಡೆಯುತ್ತದೆ, ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಔಷಧ ಟ್ರಯಲ್‌ನಲ್ಲಿ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಟ್ರಯಲ್‌ನಿಂದಲೇ ಆದ ಹಾನಿಗೆ ಪರಿಹಾರವನ್ನೂ ಕೊಡಬೇಕು. ನಾನು ಕೊಡುವ ಅರ್ಧ ಪುಟ ಒಪ್ಪಿಗೆ ಪತ್ರ ಅಲ್ಲ ಎಂದು ಅದರ ತಲೆಯ ಮೇಲೇ ದಪ್ಪ ಅಕ್ಷರದಲ್ಲಿ ಇರುತ್ತದೆ. ಒಪ್ಪಿಗೆ ಪತ್ರ ಬರಬೇಕಾದ್ದು ಎಥಿಕ್ಸ್ ಕಮಿಟಿ ನೋಡಿ ಒಪ್ಪಿದ ರೂಪದಲ್ಲಿ, ಟ್ರಯಲ್ ನಡೆಸುವ ಆಸ್ಪತ್ರೆಯಿಂದ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ. ಅದನ್ನು ಎಐನಿಂದ ಅನುವಾದಿಸಿ ಕೊಡುವ ಕೆಲಸಕ್ಕೆ ಯಾರೂ ಕೈಹಾಕಬಾರದು.

ಫೋನು, ಕವರು, ಕೊನೆಯ ತಾರೀಕು

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಡಾಕ್ಟರು ಬರುವ ಹೊತ್ತಿಗೆ ಹೊಸ ರೋಗಿಗಳ ಶೀಟುಗಳು ಅವರ ಮೇಜಿನ ಮೇಲೆ ಇರುತ್ತವೆ. ಡ್ರಾದಲ್ಲಿ ಅಲ್ಲ. ಅವರು ನೋಡಿ ಗುರುತು ಹಾಕಿದ ಮೇಲೆ ಸಿಟಿಆರ್‌ಐ ದಾಖಲೆಯಲ್ಲಿರುವ ನಂಬರಿಗೆ ನಾನು ಫೋನ್ ಮಾಡುತ್ತೇನೆ. ದಾಖಲೆಯಲ್ಲಿ ತೆರೆದಿದೆ ಎಂದಿದ್ದು ಫೋನಿನಲ್ಲಿ "ಜಾಗ ತುಂಬಿತು" ಎಂದದ್ದು ಎಷ್ಟೋ ಸಲ ಆಗಿದೆ, ಹಾಗಾಗಿ ಫೋನ್ ಮಾಡದೆ ರೋಗಿಗೆ ಆಸೆ ಹುಟ್ಟಿಸುವುದಿಲ್ಲ. ಯಾರ ಹತ್ತಿರ ಮಾತಾಡಿದೆ, ಯಾವ ದಿನ, ಏನೆಂದರು ಎಂಬುದು ಶೀಟಿನ ಕೊನೆಯ ಕಾಲಮ್ಮಿನಲ್ಲಿ. ಪ್ರಯಾಣದ ಖರ್ಚು ಕೊಡುತ್ತಾರೆಯೇ, ಸ್ಕ್ಯಾನುಗಳಿಗೆ ದುಡ್ಡು ಕೇಳುತ್ತಾರೆಯೇ ಎಂದೂ ಆಗಲೇ ಕೇಳಿಬಿಡುತ್ತೇನೆ. ತಿಂಗಳ ಎರಡನೇ ಶನಿವಾರ ಐದೂ ಫೋಲ್ಡರುಗಳನ್ನು ಸಿಟಿಆರ್‌ಐ ಜೊತೆ ತಾಳೆ ನೋಡಿ, ಮುಚ್ಚಿದ್ದನ್ನು ತೆಗೆದು ಬೇರೆ ಇಡುತ್ತೇನೆ.

ಹೊರಡುವವರಿಗೆ ಒಂದು ಕವರ್: ಬ್ಲಾಕ್ ಮತ್ತು ಸ್ಲೈಡು, ಎಲ್ಲ ರಿಪೋರ್ಟಿನ ಜೆರಾಕ್ಸ್, ಡಾಕ್ಟರ ಪತ್ರ, ಕ್ಯಾನ್ಸರ್ ರೋಗಿಗಳಿಗೆ ಸಿಗುವ ರೈಲ್ವೆ ರಿಯಾಯಿತಿಯ ಫಾರ್ಮ್, ಅಲ್ಲಿ ಯಾರನ್ನು ಕೇಳಬೇಕು ಎಂಬ ಚೀಟಿ ಕನ್ನಡದಲ್ಲಿ.

ಇನ್ನೊಂದು ತಾರೀಕನ್ನು ಡಾಕ್ಟರು ತಮ್ಮ ಕೈಯಿಂದಲೇ ಶೀಟಿನ ಮೇಲೆ ಬರೆಯಬೇಕು ಎಂದು ನಾನು ಹಟ ಹಿಡಿದು ಕೇಳಿಕೊಂಡಿದ್ದೇನೆ. ಆ ಆಸ್ಪತ್ರೆಯಿಂದ ಉತ್ತರ ಬರಲೆಂದು ಈ ರೋಗಿಯ ಕೀಮೋವನ್ನು ಯಾವ ದಿನದವರೆಗೆ ತಡೆಯಬಹುದು ಎಂಬ ತಾರೀಕು. ಟ್ರಯಲ್ ಕಾಯುತ್ತಾ ಗಡ್ಡೆ ಬೆಳೆಯಬಾರದು. ಕೆಲವರಿಗೆ ಅದು ಹತ್ತು ದಿನ, ಕೆಲವರಿಗೆ ಮೂರೇ ದಿನ. ಆ ದಿನಕ್ಕೆ ಆರರಲ್ಲಿ ಒಂದು ಮಂಚವನ್ನು ಅವರ ಹೆಸರಿನಲ್ಲಿ ಮೊದಲೇ ಹಿಡಿದಿಟ್ಟಿರುತ್ತೇನೆ.